ನಿಮ್ಮ ಮನೆಯ ಹಳೇ ಬೆತ್ತದ ಕುರ್ಚಿಗೆ ನಿಜಕ್ಕೂ ಲಕ್ಷಗಟ್ಟಲೆ ಬೆಲೆ ಇದೆಯಾ?

"ಈ ತರದ ಕುರ್ಚಿ ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ, ಫಾರಿನ್‌ನಲ್ಲಿ ಇದಕ್ಕೆ ಲಕ್ಷಗಟ್ಟಲೆ ಬೆಲೆ." ಹೀಗೊಂದು ಸಂದೇಶ, ಅದರ ಕೆಳಗೆ ಮರದ ಕೈ, ಬೆತ್ತದ ಸೀಟು ಇರುವ ಒಂದು ಕುರ್ಚಿಯ ಫೋಟೋ. ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದನ್ನು ನೋಡಿದ ಮೇಲೆ ಹಾಸನ ಜಿಲ್ಲೆಯ ಕೆಲವು ಓದುಗರು ತಮ್ಮ ಮನೆಯ, ಶಾಲೆಯ ಕುರ್ಚಿಗಳ ಫೋಟೋ ತೆಗೆದು ನಮಗೆ ಕಳಿಸಿ, "ಇದು ಅದೇನಾ ನೋಡಿ ಹೇಳಿ" ಅಂದರು.

ನಾಲ್ಕು ಫೋಟೋಗಳು ನಮ್ಮ ಮುಂದಿವೆ. ಹೊಳೆನರಸೀಪುರದ ಒಂದು ಮನೆಯ ಜಗುಲಿಯಲ್ಲಿ ತಾತ ಕೂರುತ್ತಿದ್ದ ಉದ್ದ ಕೈಯ ಆರಾಮ ಕುರ್ಚಿ. ಅರಕಲಗೂಡು ತಾಲ್ಲೂಕಿನ ಶಾಲೆಯೊಂದರ ಹೆಡ್‌ಮಾಸ್ಟರ್ ಕುರ್ಚಿ, ಹಿಂಬದಿಯಲ್ಲಿ ಬಿಳಿ ಬಣ್ಣದಲ್ಲಿ ಬರೆದ ಒಂದು ನಂಬರು. ಹಾಸನದ ಅಟ್ಟವೊಂದರಿಂದ ಇಳಿಸಿದ, ಹಸಿರು ಪ್ಲಾಸ್ಟಿಕ್ ವೈರ್ ಹೆಣೆದ ಕುರ್ಚಿ. ನಾಲ್ಕನೆಯದು ಚನ್ನರಾಯಪಟ್ಟಣದ್ದು. ಅದನ್ನು ಕಳಿಸಿದ ಹೆಣ್ಣುಮಗಳು ಕೇಳಿದ್ದು ಬೇರೆಯದೇ ಪ್ರಶ್ನೆ: "ಕುರ್ಚಿಗೆ 4 ಲಕ್ಷ ಕೊಡ್ತೀವಿ ಅಂದವರು ಮೊದಲು 2,500 ರೂಪಾಯಿ ಕಟ್ಟಿ ಅಂತಿದ್ದಾರೆ, ಕಟ್ಟಲಾ?"

ಕಟ್ಟಬೇಡಿ ಅಂತ ಆಗಲೇ ಹೇಳಿದೆವು. ಉಳಿದ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಸಾಕಾಗುವುದಿಲ್ಲ, ಏಕೆಂದರೆ ಆ ಸಂದೇಶ ಪೂರ್ತಿ ಸುಳ್ಳಲ್ಲ. ಗುಜರಿ ಬೆಲೆಗೆ ಹೋದ ಭಾರತದ ಸರ್ಕಾರಿ ಕುರ್ಚಿಗಳು ಪ್ಯಾರಿಸ್, ನ್ಯೂಯಾರ್ಕ್, ಲಂಡನ್ನಿನ ಹರಾಜಿನಲ್ಲಿ ಲಕ್ಷಗಟ್ಟಲೆಗೆ ಮಾರಾಟವಾಗಿದ್ದು ನಿಜ. ಆದರೆ ಅವು ಒಂದೇ ಊರಿನವು. ಆ ಊರು ಚಂಡೀಗಢ.

ಕುರ್ಚಿಯೂ ಬೇಕಾಗಿದ್ದ ಹೊಸ ಊರು

1947ರಲ್ಲಿ ದೇಶ ಇಬ್ಭಾಗವಾದಾಗ ಪಂಜಾಬಿನ ರಾಜಧಾನಿ ಲಾಹೋರ್ ಪಾಕಿಸ್ತಾನಕ್ಕೆ ಹೋಯಿತು. ಭಾರತದ ಪಂಜಾಬಿಗೆ ಹೊಸ ರಾಜಧಾನಿ ಬೇಕಾಯಿತು. ಅಮೆರಿಕದ ಆಲ್ಬರ್ಟ್ ಮೇಯರ್ ಮೊದಲ ನಕ್ಷೆ ತಯಾರಿಸಿದರು. ಅವರ ಜೊತೆಗಿದ್ದ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ಫ್ರಾನ್ಸಿನ ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಅವರ ಕೈಗೆ ಬಂತು. ಅವರು ಬಂದು ಹೋಗಿ ಮಾಡುತ್ತಿದ್ದವರು. ಊರಲ್ಲೇ ನಿಂತು ಕೆಲಸ ಮಾಡಿಸಿದವರು ಅವರ ದಾಯಾದಿ ಪಿಯೆರ್ ಜಾನ್ರೆ. ಇಂಗ್ಲಿಷ್ ಅಕ್ಷರ ನೋಡಿಕೊಂಡು ನಮ್ಮಲ್ಲಿ ಜೀನೆರೆಟ್ ಅಂತ ಓದುವುದು ಇವರ ಹೆಸರನ್ನೇ. 1896ರಲ್ಲಿ ಜಿನೀವಾದಲ್ಲಿ ಹುಟ್ಟಿದ ಜಾನ್ರೆ 1951ರಲ್ಲಿ ಬಂದು, ಆರೋಗ್ಯ ಕೆಟ್ಟು 1965ರಲ್ಲಿ ವಾಪಸ್ ಹೋಗುವ ತನಕ ಚಂಡೀಗಢದಲ್ಲೇ ಇದ್ದರು. 1967ರಲ್ಲಿ ತೀರಿಕೊಂಡಾಗ, ಅವರ ಆಸೆಯಂತೆ ಚಿತಾಭಸ್ಮವನ್ನು ಅಲ್ಲಿನ ಸುಖ್ನಾ ಕೆರೆಯಲ್ಲಿ ಬಿಟ್ಟರು.

ಹೊಸ ಊರು ಅಂದಮೇಲೆ ಹೈಕೋರ್ಟು, ಸಚಿವಾಲಯ, ಕಾಲೇಜು, ಗ್ರಂಥಾಲಯ, ನೌಕರರ ಮನೆ ಎಲ್ಲವೂ ಹೊಸದು. ಅಷ್ಟಕ್ಕೂ ಮೇಜು, ಕುರ್ಚಿ, ಬೀರು ಬೇಕು. ಸಾವಿರಗಟ್ಟಲೆ ಬೇಕು, ಬೇಗ ಬೇಕು, ಅಗ್ಗಕ್ಕೆ ಬೇಕು. ಅಷ್ಟನ್ನು ಒದಗಿಸುವ ದೊಡ್ಡ ಕಾರ್ಖಾನೆ ಹತ್ತಿರದಲ್ಲಿ ಇರಲಿಲ್ಲ. ಇದ್ದದ್ದು ಬಡಗಿಗಳು, ತೇಗ ಮತ್ತು ಶೀಶಂ ಮರ, ಬೆತ್ತ. ಜಾನ್ರೆ ಮತ್ತು ಅವರ ಕಚೇರಿಯ ಭಾರತೀಯ ವಾಸ್ತುಶಿಲ್ಪಿಗಳು ಸರಳವಾದ ನಕ್ಷೆ ಬರೆದು ಸಣ್ಣ ಸಣ್ಣ ವರ್ಕ್‌ಶಾಪ್‌ಗಳಿಗೆ ಕೊಟ್ಟರು. ಒಂದೇ ನಕ್ಷೆ, ಬೇರೆ ಬೇರೆ ಬಡಗಿಗಳ ಕೈ. ಹಾಗಾಗಿ ಒಂದರಲ್ಲಿ ಕಾಲು ದಪ್ಪ, ಇನ್ನೊಂದರಲ್ಲಿ ಬೆನ್ನಿನ ಬಾಗು ಕೊಂಚ ಜಾಸ್ತಿ. ಅಳತೆ ಹಿಡಿದರೆ ಎರಡು ಕುರ್ಚಿ ತದ್ವತ್ತಾಗಿ ಸಿಗುವುದು ಕಷ್ಟ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹರಾಜು ಕಂಪನಿಗಳ ಪುಸ್ತಕದಲ್ಲಿ ಈ ಕುರ್ಚಿಗಳೆಲ್ಲ ಸಾಮಾನ್ಯವಾಗಿ ಜಾನ್ರೆ ಒಬ್ಬರ ಹೆಸರಿನಲ್ಲೇ ಇರುತ್ತವೆ. ಆದರೆ ಆ ಕಚೇರಿಯಲ್ಲಿ ಯೂಲಿ ಚೌಧರಿ ಎಂಬ ಹೆಣ್ಣುಮಗಳಿದ್ದರು. ಭಾರತದ ಮೊದಲ ತಲೆಮಾರಿನ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರು, ಮುಂದೆ ಪಂಜಾಬಿನ ಮುಖ್ಯ ವಾಸ್ತುಶಿಲ್ಪಿಯಾದವರು. ಪೀಠೋಪಕರಣದ ಕೆಲಸದಲ್ಲಿ ಅವರ ಪಾಲು ದೊಡ್ಡದು. ಆದಿತ್ಯ ಪ್ರಕಾಶ್, ಜೀತ್ ಮಲ್ಹೋತ್ರ ಅಂಥವರೂ ಚಂಡೀಗಢ ಕಟ್ಟಿದ ತಂಡದಲ್ಲಿದ್ದರು. ಕುರ್ಚಿ ಕೆತ್ತಿದ ಬಡಗಿಗಳ ಹೆಸರಂತೂ ಹರಾಜಿನ ಪುಸ್ತಕಕ್ಕೆ ಬರಲೇ ಇಲ್ಲ. ಒಬ್ಬ ವಿದೇಶಿ ಹೆಸರಿದ್ದರೆ ಮಾಲು ಬೇಗ ಮಾರಾಟವಾಗುತ್ತದೆ, ಅಷ್ಟೇ.

ಕಬ್ಬಿಣ ಬಿಟ್ಟು ಬೆತ್ತಕ್ಕೆ ಬಂದ ಕಥೆ

"ಮಾಡರ್ನ್" ಅಂದರೆ ಹೊಸದು ಅಂತ ನಾವು ಅಂದುಕೊಳ್ಳುತ್ತೇವೆ. ವಿನ್ಯಾಸದ ಲೋಕದಲ್ಲಿ ಅದಕ್ಕೆ ಬೇರೆ ಅರ್ಥವಿದೆ. ಕೆತ್ತನೆ, ಸಿಂಹದ ಪಾದ, ರೇಷ್ಮೆ ದಿಂಬು ಇಂಥ ಅಲಂಕಾರ ಬಿಟ್ಟು, ಕೂರುವುದಕ್ಕೆ ಎಷ್ಟು ಬೇಕೋ ಅಷ್ಟನ್ನೇ ಇಟ್ಟುಕೊಂಡು ಹೆಚ್ಚು ಜನಕ್ಕೆ ಸಿಗುವ ಹಾಗೆ ಮಾಡುವುದು. ಇದರ ಬೇರು ಹುಡುಕಿದರೆ 1859ರ ವಿಯೆನ್ನಾಗೆ ಹೋಗುತ್ತೇವೆ. ಅಲ್ಲಿ ಥೋನೆಟ್ ಕಂಪನಿ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ, 14ನೇ ನಂಬರಿನ ಕುರ್ಚಿ ತಯಾರಿಸಿತು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿ ಜೋಡಿಸಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಇವತ್ತು ಆನ್‌ಲೈನ್‌ನಲ್ಲಿ ತರಿಸಿ ನಾವೇ ಜೋಡಿಸಿಕೊಳ್ಳುವ ಕುರ್ಚಿಗೆ ಮೂಲ ಇಲ್ಲಿದೆ. ಸೀಟು? ಅದು ಬೆತ್ತದ್ದೇ.

ಆಮೇಲೆ ಬಂದದ್ದು ಉಕ್ಕಿನ ಕಾಲ. 1925ರ ಹೊತ್ತಿಗೆ ಜರ್ಮನಿಯ ಬೌಹೌಸ್ ಶಾಲೆಯ ಮಾರ್ಸೆಲ್ ಬ್ರಾಯರ್ ಸೈಕಲ್ ಹ್ಯಾಂಡಲ್ ನೋಡಿ, ಅದೇ ತರದ ಉಕ್ಕಿನ ಕೊಳವೆ ಬಗ್ಗಿಸಿ ಕುರ್ಚಿ ಮಾಡಿದರು ಎಂಬ ಮಾತಿದೆ. 1928ರಲ್ಲಿ ಪ್ಯಾರಿಸ್ಸಿನಲ್ಲಿ ಕಾರ್ಬೂಸಿಯೇ, ಜಾನ್ರೆ ಮತ್ತು ಶಾರ್ಲೊಟ್ ಪೆರಿಯಾಂ ಮೂವರೂ ಸೇರಿ ಹೊಳೆಯುವ ಕೊಳವೆ ಮತ್ತು ಚರ್ಮದ ಕುರ್ಚಿಗಳನ್ನು ಮಾಡಿದರು. ಇವತ್ತಿಗೂ ದೊಡ್ಡ ಕಂಪನಿಗಳ ರಿಸೆಪ್ಶನ್‌ನಲ್ಲಿ ಕಾಣುವ ಚೌಕಾಕಾರದ ಚರ್ಮದ ಸೋಫಾ ಆ ಮೂವರ ಕೆಲಸ, ಅಥವಾ ಅದರ ನಕಲು.

ಅಂಥ ಉಕ್ಕಿನ ಮನುಷ್ಯ ಚಂಡೀಗಢಕ್ಕೆ ಬಂದು ಮರ, ಬೆತ್ತ, ಬಿದಿರು, ಹಗ್ಗಕ್ಕೆ ಇಳಿದರು. ಉಕ್ಕು ದುಬಾರಿ, ಚರ್ಮ ಸೆಕೆ. ಊರಲ್ಲಿ ಏನು ಸಿಗುತ್ತದೋ ಅದರಲ್ಲೇ ಮಾಡಬೇಕು ಎಂಬ ಕಟ್ಟುಪಾಡು ಅವರನ್ನು ಹೊಸ ದಾರಿಗೆ ತಂದಿತು. ನಮ್ಮ ಲೆಕ್ಕದಲ್ಲಿ ಇವರ ಕೆಲಸದಲ್ಲಿ ಮೆಚ್ಚಬೇಕಾದದ್ದು ಇದು, ಹರಾಜಿನ ಬೆಲೆ ಆಮೇಲಿನ ಮಾತು.

ಕಾಲು ಓರೆ ಯಾಕೆ, ಸೀಟು ಬೆತ್ತ ಯಾಕೆ

ಚಂಡೀಗಢದ ಕಚೇರಿ ಕುರ್ಚಿಯನ್ನು ಪಕ್ಕದಿಂದ ನೋಡಿದರೆ ಜಾಮಿಟ್ರಿ ಬಾಕ್ಸಿನ ಕೈವಾರ ಕಾಲು ಅಗಲಿಸಿ ನಿಂತ ಹಾಗೆ ಕಾಣುತ್ತದೆ. ಮುಂದಿನ ಕಾಲು ಮುಂದಕ್ಕೆ, ಹಿಂದಿನ ಕಾಲು ಹಿಂದಕ್ಕೆ ಚಾಚಿ, ಮೇಲೆ ಕೈಯ ಹತ್ತಿರ ಎರಡೂ ಕೂಡುತ್ತವೆ. ಇದು ಬರೀ ಸ್ಟೈಲ್ ಅಲ್ಲ. ಮಾಮೂಲಿ ಕುರ್ಚಿ ಮುರಿಯುವುದು ಎಲ್ಲಿ ಅಂತ ನೆನಪಿಸಿಕೊಳ್ಳಿ. ನಾವು ಹಿಂದಕ್ಕೆ ಒರಗಿದಾಗ ಹಿಂದಿನ ಕಾಲು ಮತ್ತು ಸೀಟು ಸೇರುವ ಜಾಗಕ್ಕೆ ಭಾರ ಬೀಳುತ್ತದೆ. ಒರಗಿ ಒರಗಿ ಆ ಜಾಯಿಂಟ್ ಸಡಿಲವಾಗಿ ಕುರ್ಚಿ ಓಲಾಡತೊಡಗುತ್ತದೆ.

ಮನೆಯಲ್ಲೇ ಮಕ್ಕಳಿಗೆ ತೋರಿಸಬಹುದಾದ ಒಂದು ಪರೀಕ್ಷೆ: ನಾಲ್ಕು ಪಟ್ಟಿಗಳನ್ನು ತುದಿಗೆ ಒಂದೊಂದು ಮೊಳೆ ಹೊಡೆದು ಚೌಕ ಮಾಡಿ, ಮೂಲೆ ಹಿಡಿದು ತಳ್ಳಿದರೆ ಅದು ವಾಲುತ್ತದೆ. ಮೂರು ಪಟ್ಟಿಯಿಂದ ತ್ರಿಕೋನ ಮಾಡಿ ತಳ್ಳಿ, ಅಲ್ಲಾಡುವುದಿಲ್ಲ. ಹೆಂಚಿನ ಮನೆಯ ಮಾಡಿಗೆ ಕತ್ತರಿ ಹಾಕುವುದೂ ಈ ಕಾರಣಕ್ಕೇ. ಓರೆ ಕಾಲಿನ ಕುರ್ಚಿಯಲ್ಲಿ ಸೀಟಿನ ಪಟ್ಟಿ ಅಡ್ಡ ಬಂದಾಗ ಅಂಥದೇ ತ್ರಿಕೋನ ಆಗುತ್ತದೆ. ಒರಗಿದ ಭಾರ ಒಂದೇ ಜಾಯಿಂಟಿಗೆ ಬೀಳದೆ ಹಂಚಿಹೋಗುತ್ತದೆ.

ಬೆತ್ತದ ವಿಚಾರ ನಮ್ಮ ಮಲೆನಾಡಿನವರಿಗೆ ಹೊಸದಲ್ಲ. ಬೆತ್ತ ಅಂದರೆ ಮರವಲ್ಲ, ತೆಂಗು ಅಡಿಕೆಯ ಜಾತಿಗೆ ಸೇರಿದ, ಮುಳ್ಳಿರುವ ಬಳ್ಳಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಹಂದಿಬೆತ್ತ, ನಾಗಬೆತ್ತ ಎಂಬ ಹೆಸರಿನಲ್ಲಿ ಜನ ಗುರುತಿಸುವುದು ಇದರ ಜಾತಿಗಳನ್ನು. ಸೀಟಿಗೆ ಹೆಣೆಯುವುದು ಇದರ ಹೊರಮೈಯಿಂದ ಸೀಳಿದ ನುಣುಪಾದ ಪಟ್ಟಿ. ಮಾಮೂಲಿ ಹೆಣಿಗೆಯಲ್ಲಿ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು, ಓರೆಗೆ ಎರಡು, ಹೀಗೆ ಆರು ಸಲ ಪಟ್ಟಿ ಓಡಿಸಿದರೆ ಎಂಟು ಮೂಲೆಯ ಕಣ್ಣುಗಳು ಬೀಳುತ್ತವೆ. ಆ ಕಣ್ಣುಗಳಲ್ಲಿ ಗಾಳಿ ಆಡುವುದರಿಂದ ಬೆವರು ಬೇಗ ಆರುತ್ತದೆ, ಹಾಗಾಗಿ ಬೆತ್ತ "ತಂಪು".

ಆ ತಂಪಿನ ಮೇಲೆಯೂ ಒಂದಷ್ಟು ಫಾರ್ವರ್ಡ್‌ಗಳಿವೆ. ಬೆತ್ತದ ಕುರ್ಚಿಯಲ್ಲಿ ಕೂತರೆ ಮೂಲವ್ಯಾಧಿ ವಾಸಿಯಾಗುತ್ತದೆ, ಬೀಟೆ ಮರದ ಕುರ್ಚಿ ಬಿಪಿ ಇಳಿಸುತ್ತದೆ ಅಂತ. ಸೆಕೆಯಲ್ಲಿ ಹಿತ ಎನ್ನಿಸುವುದು ಬೇರೆ, ಕಾಯಿಲೆ ವಾಸಿ ಮಾಡುವುದು ಬೇರೆ. ಯಾವ ಕುರ್ಚಿಯಾದರೂ ಗಂಟೆಗಟ್ಟಲೆ ಎದ್ದೇಳದೆ ಕೂರುವುದು ಒಳ್ಳೆಯದಲ್ಲ. ಬಿಪಿ ಮಾತ್ರೆಯನ್ನು ಕುರ್ಚಿ ನಂಬಿ ಬಿಡಬೇಡಿ.

ನಮ್ಮ ಕಡೆಯ ಕುರ್ಚಿಗಳು ಎಲ್ಲಿಂದ ಬಂದವು

ಮಾಡರ್ನ್ ವಾಸ್ತುಶಿಲ್ಪ ನಮ್ಮ ಕಡೆಗೆ ಚಂಡೀಗಢಕ್ಕಿಂತ ಮೊದಲೇ ಬಂದಿತ್ತು. ಬರ್ಲಿನ್‌ನಲ್ಲಿ ಓದಿದ, ಯಹೂದಿ ಮೂಲದ ಒಟ್ಟೊ ಕೋನಿಗ್ಸ್‌ಬರ್ಗರ್ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾದರು. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೋನಿಗ್ಸ್‌ಬರ್ಗರ್ ಕಟ್ಟಿಸಿದ ಕಟ್ಟಡಗಳಿವೆ. ಹಾಸನ ಆಗ ಅದೇ ಸಂಸ್ಥಾನದ ಒಂದು ಜಿಲ್ಲೆ.

ಆದರೆ ಆ ಹೊಸ ಗಾಳಿ ತಾಲ್ಲೂಕು ಕಚೇರಿಯ ಕುರ್ಚಿಯ ತನಕ ಬೀಸಲಿಲ್ಲ. ನಮ್ಮ ಕಚೇರಿ, ಶಾಲೆಗಳಲ್ಲಿ ಇದ್ದದ್ದು ಬ್ರಿಟಿಷರ ಕಾಲದ ಮಾದರಿ: ನೆಟ್ಟಗಿನ ನಾಲ್ಕು ಕಾಲು, ಹಿಂದಿನ ಕಾಲೇ ಮೇಲಕ್ಕೆ ಹೋಗಿ ಬೆನ್ನಿನ ಆಸರೆಯಾಗುವುದು, ತೇಗ ಅಥವಾ ಹೊನ್ನೆ ಮರದ ಚೌಕಟ್ಟು, ಬೆತ್ತದ ಸೀಟು. ಮನೆಗಳಲ್ಲಿ ಎರಡು ಬಗೆ. ಮಡಚಿ ಗೋಡೆಗೆ ಒರಗಿಸಿಡುವ ಕ್ಯಾನ್ವಾಸ್ ಬಟ್ಟೆಯ ಈಸಿ ಚೇರ್ ಒಂದು. ಇನ್ನೊಂದು, ಸಕಲೇಶಪುರದ ಕಡೆ ಕಾಫಿ ತೋಟದ ಬಂಗಲೆಗಳಲ್ಲಿ ಇದ್ದಂಥ ಉದ್ದ ಕೈಯ ಆರಾಮ ಕುರ್ಚಿ. ಇಂಗ್ಲಿಷ್‌ನಲ್ಲಿ ಅದನ್ನು ಪ್ಲಾಂಟರ್ಸ್ ಚೇರ್ ಅನ್ನುತ್ತಾರೆ. ಕೈಯ ಅಡಿಯಿಂದ ಒಂದೊಂದು ಪಟ್ಟಿ ಮುಂದಕ್ಕೆ ತಿರುಗಿಸಿದರೆ, ತೋಟ ಸುತ್ತಿ ಬಂದವರು ಅದರ ಮೇಲೆ ಕಾಲು ಚಾಚಬಹುದು. ಹೊಳೆನರಸೀಪುರದಿಂದ ಬಂದ ಫೋಟೋದಲ್ಲಿರುವುದು ಇದೇ. ಚೆಂದದ ಕುರ್ಚಿ. ಆದರೆ ಇದು ಮಾಡರ್ನ್ ಅಲ್ಲ, ಅದಕ್ಕಿಂತ ಹಳೆಯ ಪದ್ಧತಿಯದ್ದು. ಇಂಥವು ದಕ್ಷಿಣ ಭಾರತದಲ್ಲಿ, ಶ್ರೀಲಂಕಾದಲ್ಲಿ ಬೇಕಾದಷ್ಟು ಆಗಿಹೋಗಿವೆ.

ಇವೆಲ್ಲ ಮೂಲೆ ಸೇರಿದ್ದಕ್ಕೆ ಕಾರಣ ಹುಡುಕಿದರೆ ಎರಡು ಸಿಗುತ್ತವೆ. ಮೊದಲನೆಯದು ತಿಗಣೆ. ಬೆತ್ತ ಹೆಣೆಯಲು ಚೌಕಟ್ಟಿನ ಸುತ್ತ ಕೊರೆದ ಸಾಲು ತೂತುಗಳು ತಿಗಣೆಗೆ ಹೇಳಿ ಮಾಡಿಸಿದ ಮನೆ. ಹಳೇ ಟಾಕೀಸು, ಕಚೇರಿಗಳಲ್ಲಿ ಕೂತು ಬಂದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬಿಸಿಲಿಗಿಟ್ಟರೂ ನೆರಳಿರುವ ಸಂದಿಗೆ ಸರಿದುಕೊಳ್ಳುತ್ತಿದ್ದವು, ತೂತಿಗೆ ಕುದಿಯುವ ನೀರು ಹೊಯ್ದರೆ ಸಾಯುತ್ತಿದ್ದವು. ಎರಡನೆಯದು ಪ್ಲಾಸ್ಟಿಕ್. ಅಚ್ಚಿನಲ್ಲಿ ಒಂದೇ ಏಟಿಗೆ ಇಡೀ ಕುರ್ಚಿ ಹೊರಬರುವ ವಿದ್ಯೆ ಬಂದು, 1972ರಲ್ಲಿ ಫ್ರಾನ್ಸಿನ ಹೆನ್ರಿ ಮಸೊನೆ ಮಾಡಿದ ಕೈಕುರ್ಚಿ ಜಗತ್ತಿಗೆಲ್ಲ ಮಾದರಿಯಾಯಿತು. ಮದುವೆ ಛತ್ರದಿಂದ ಗ್ರಾಮ ಪಂಚಾಯಿತಿ ತನಕ ನಾವು ಇವತ್ತು ಕೂರುವ ಬಿಳಿ ಕುರ್ಚಿ ಅದರ ಮೊಮ್ಮಗ. ಅಗ್ಗ, ಹಗುರ, ತಿಗಣೆಯ ಕಾಟ ಕಮ್ಮಿ. ಜನ ಅದನ್ನು ಆರಿಸಿಕೊಂಡದ್ದನ್ನು ನಾವು ತಪ್ಪು ಅನ್ನುವುದಿಲ್ಲ. ಕಾಲು ಮುರಿದರೆ ಮಾತ್ರ ಅದನ್ನು ಸರಿಮಾಡುವ ಬಡಗಿ ಇಲ್ಲ.

ಗುಜರಿಯಿಂದ ಹರಾಜಿಗೆ

ಚಂಡೀಗಢದಲ್ಲೂ ಇದೇ ಆಯಿತು. ಮರದ ಕುರ್ಚಿ ಹಳತಾಯಿತು ಅಂತ ಕಚೇರಿಯ ಮಹಡಿ ಮೇಲೆ, ಅಂಗಳದಲ್ಲಿ ರಾಶಿ ಹಾಕಿದರು. ಮಳೆ ಬಿಸಿಲಿಗೆ ಬಿದ್ದಿದ್ದ ಆ ರಾಶಿಗಳನ್ನು ಇಲಾಖೆಗಳು ನಿಯಮದ ಪ್ರಕಾರವೇ ಹರಾಜು ಹಾಕಿ, ಗುಜರಿ ಬೆಲೆಗೆ ವಿಲೇವಾರಿ ಮಾಡಿದವು. 1990ರ ದಶಕದ ಕೊನೆಯಿಂದ ಪ್ಯಾರಿಸ್ಸಿನ ಕೆಲವು ವ್ಯಾಪಾರಿಗಳು ಬಂದು ಅವನ್ನು ಕೊಂಡು, ಸಾಗಿಸಿ, ಮರ ಉಜ್ಜಿ, ಬೆತ್ತ ಹೊಸದಾಗಿ ಹೆಣೆಸಿ, ಪುಸ್ತಕ ಅಚ್ಚು ಹಾಕಿಸಿ ಮಾರಿದರು. ಎರಿಕ್ ತುಶಾಲೋಮ್ ಅವರಲ್ಲಿ ಹೆಸರಾದವರು. ಅವರನ್ನು ಕಳ್ಳರು ಅನ್ನುವಂತಿಲ್ಲ, ದುಡ್ಡು ಕೊಟ್ಟು ರಸೀದಿ ಪಡೆದವರು. ಕಸ ಅಂತ ಮಾರಿದವರು ನಾವು.

ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರಲ್ಲಿ ಇದರ ಮೇಲೆ "ಪ್ರಾವೆನೆನ್ಸ್" ಎಂಬ ಚಿತ್ರ ಮಾಡಿದರು. ಅದು ಹಿಂದುಮುಂದಾಗಿ ಓಡುತ್ತದೆ. ಶ್ರೀಮಂತರ ಮನೆಯಲ್ಲಿ ಶುರುವಾಗಿ, ಹರಾಜಿನ ಕೋಣೆ, ರಿಪೇರಿ, ಹಡಗು ದಾಟಿಕೊಂಡು ಕೊನೆಗೆ ಚಂಡೀಗಢದ ಕಚೇರಿಗೆ ಬರುತ್ತದೆ. ಅಲ್ಲಿ ಅದೇ ಕುರ್ಚಿಗಳ ಮೇಲೆ ಗುಮಾಸ್ತರು ಕೂತಿದ್ದಾರೆ. ಆ ಚಿತ್ರವನ್ನೂ ಆಕೆ ಲಂಡನ್ನಿನಲ್ಲಿ ಹರಾಜಿಗೇ ಇಟ್ಟು ಮಾರಿದರು.

ಸರ್ಕಾರ ಎಚ್ಚೆತ್ತದ್ದು ತಡವಾಗಿ. ಪಾರಂಪರಿಕ ಪೀಠೋಪಕರಣವನ್ನು ಮಾರಬಾರದು, ಹೊರಗೆ ಸಾಗಿಸಬಾರದು ಎಂದು ಕೇಂದ್ರ ಗೃಹ ಸಚಿವಾಲಯ 2011ರಲ್ಲಿ ಆದೇಶ ಕೊಟ್ಟಿತು. ಚಂಡೀಗಢದಲ್ಲಿ ಇಂಥ 12,793 ವಸ್ತುಗಳನ್ನು ಪಟ್ಟಿ ಮಾಡಿದರು. ಹಾಗಿದ್ದರೂ ವಿದೇಶದಲ್ಲಿ ಹರಾಜು ನಡೆಯುತ್ತಲೇ ಇದೆ. ಮೊದಲೇ ನ್ಯಾಯವಾಗಿ ಮಾರಿದ್ದನ್ನು ವಾಪಸ್ ಕೇಳುವುದು ಕಷ್ಟ, ಅದು ಒಂದು. ಇನ್ನೊಂದು, ನಮ್ಮ ದೇಶದ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಪೀಠೋಪಕರಣದಂಥ ವಸ್ತು ಪ್ರಾಚ್ಯವಸ್ತು ಎನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಈ ಕುರ್ಚಿಗಳಿಗೆ ಎಪ್ಪತ್ತರ ಆಸುಪಾಸು. ಹಳೇಬೀಡು ಪಕ್ಕದಲ್ಲೇ ಇರುವ ನಮ್ಮ ಜನಕ್ಕೆ ಎಪ್ಪತ್ತು ವರ್ಷ ಏನು ಹಳೇದು ಅನ್ನಿಸಬಹುದು. ಕಾನೂನೂ ಹಾಗೇ ಅನ್ನುತ್ತದೆ.

ಹಾಗಾದರೆ ನಮ್ಮ ನಾಲ್ಕು ಕುರ್ಚಿ?

ಬೆಲೆ ಬಂದದ್ದು ಮರಕ್ಕಲ್ಲ, ವಯಸ್ಸಿಗೂ ಅಲ್ಲ. ಇಂಥ ಕಟ್ಟಡಕ್ಕೆ, ಇಂಥವರ ನಕ್ಷೆಯಲ್ಲಿ, ಇಂಥ ಕಾಲದಲ್ಲಿ ಆದದ್ದು ಎಂಬುದಕ್ಕೆ ಇರುವ ಪುರಾವೆಗೆ. ಕುರ್ಚಿಯ ಮೇಲೆ ಬಣ್ಣದಲ್ಲಿ ಬರೆದ ಇಲಾಖೆಯ ಗುರುತು, ದಾಸ್ತಾನು ಸಂಖ್ಯೆ, ಹರಾಜಿನ ಕಾಗದ, ಕಟ್ಟಡದ ಹಳೇ ಫೋಟೋ, ಮೂಲ ನಕ್ಷೆ ಎಲ್ಲ ತಾಳೆಯಾಗಬೇಕು. ನಕಲಿ ಮಾಡುವವರು ಹೊಸ ಮರಕ್ಕೆ ಹಳೇ ಬಣ್ಣ ಹಚ್ಚಿ ನಂಬರನ್ನೂ ಬರೆಯುವುದರಿಂದ ನಂಬರ್ ಒಂದೇ ಸಾಕಾಗುವುದಿಲ್ಲ. ಅದೇ ನಕ್ಷೆಯ ಮೇಲೆ ಹೊಸದಾಗಿ ಮಾಡಿ, ಹೊಸದು ಅಂತಲೇ ಹೇಳಿ ಮಾರುವವರೂ ಇದ್ದಾರೆ. ಇಟಲಿಯ ಕಸೀನಾ 2019ರಿಂದ ಮಾಡುತ್ತಿದೆ. ಅದಕ್ಕೂ ಮೊದಲಿನಿಂದ ನಮ್ಮ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಕೈಕೆಲಸದವರಿಂದ ಮಾಡಿಸುತ್ತಿದೆ.

ಅರಕಲಗೂಡಿನ ಹೆಡ್‌ಮಾಸ್ಟರ್ ಕುರ್ಚಿಯ ಬಿಳಿ ನಂಬರು ಆ ಶಾಲೆಯ ಡೆಡ್ ಸ್ಟಾಕ್ ರಿಜಿಸ್ಟರ್ ನಂಬರು. ಅದು ಸರ್ಕಾರದ ಆಸ್ತಿ, ಎಷ್ಟೇ ಮುರಿದಿದ್ದರೂ ಇಲಾಖೆಯ ಒಪ್ಪಿಗೆ ಮತ್ತು ವಿಲೇವಾರಿ ಕ್ರಮ ಇಲ್ಲದೆ ಯಾರೂ ಮಾರುವ ಹಾಗಿಲ್ಲ. ಕಳಿಸಿದ ಮೇಷ್ಟ್ರಿಗೆ ಇದು ಗೊತ್ತಿತ್ತು, ಬರೀ ಕುತೂಹಲಕ್ಕೆ ಕೇಳಿದ್ದರು. ಹಾಸನದ ಹಸಿರು ವೈರ್ ಕುರ್ಚಿಗೆ ಒಂದು ಕಾಲದಲ್ಲಿ ಬೆತ್ತವೇ ಇದ್ದಿರಬೇಕು, ಚೌಕಟ್ಟಿನ ಸಣ್ಣ ತೂತುಗಳು ಅದನ್ನೇ ಹೇಳುತ್ತವೆ. ಅದಕ್ಕೂ ಚಂಡೀಗಢಕ್ಕೂ ಸಂಬಂಧವಿಲ್ಲ. ಹೊಳೆನರಸೀಪುರದ ಆರಾಮ ಕುರ್ಚಿ ಬೀಟೆಯದ್ದಿರಬಹುದು: ಭಾರ, ಕಂದು ನೇರಳೆ ಬಣ್ಣ, ಕಪ್ಪು ಗೆರೆ. ಹಳೇ ಸಾಮಾನಿನ ಅಂಗಡಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಸಿಕ್ಕೀತು, ವಿದೇಶದ ಲಕ್ಷಗಳು ಸಿಗುವುದಿಲ್ಲ. ಬೀಟೆ, ಶೀಶಂ ಸೇರಿದ ಇಡೀ ಮರದ ಕುಲ 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. "ಪಾರ್ಸಲ್ ಮಾಡಿ ಫಾರಿನ್‌ಗೆ ಕಳಿಸಿಬಿಡಿ" ಅನ್ನುವವರು ಈ ಕಾಗದಪತ್ರದ ಮಾತು ಎತ್ತುವುದೇ ಇಲ್ಲ.

ಇನ್ನು ಚನ್ನರಾಯಪಟ್ಟಣದ್ದು. ಆ ಕುರ್ಚಿಯ ಕಾಲು ಓರೆಯಾಗಿಯೇ ಇದೆ, ಹಾಗಾಗಿ ಆಸೆ ಹುಟ್ಟಿದ್ದು ಸಹಜ. 1960, 70ರ ದಶಕದಲ್ಲಿ ಓರೆ ಕಾಲು ದೇಶದಲ್ಲೆಲ್ಲ ಫ್ಯಾಷನ್ ಆಗಿತ್ತು, ಮ್ಯಾಗಜಿನ್ ನೋಡಿ ಊರಿನ ಬಡಗಿಗಳೂ ಮಾಡುತ್ತಿದ್ದರು. ಆದರೆ ಕುರ್ಚಿ ಯಾವುದಾದರೂ ಇರಲಿ, ಕೊಳ್ಳುವವರು ಮಾರುವವರಿಂದ ದುಡ್ಡು ಕೇಳುವುದು ಯಾವ ಊರಿನ ವ್ಯಾಪಾರ? ಹಳೇ ನಾಣ್ಯ, ಹಳೇ ನೋಟಿನ ಹೆಸರಿನಲ್ಲಿ ನಡೆದದ್ದೂ ಇದೇ ಆಟ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಅಂತ ಕೇಳಿ ಮೋಸ ಮಾಡುತ್ತಿದ್ದಾರೆ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಡಬೇಕಾಯಿತು. ನಾಣ್ಯದ ಜಾಗಕ್ಕೆ ಈಗ ಕುರ್ಚಿ ಬಂದಿದೆ. ಇಂಥವರಿಗೆ ಈಗಾಗಲೇ ದುಡ್ಡು ಹಾಕಿದ್ದರೆ ನಾಚಿಕೆ ಪಟ್ಟುಕೊಳ್ಳದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಆ ಹೆಣ್ಣುಮಗಳು ದುಡ್ಡು ಕಟ್ಟಿರಲಿಲ್ಲ, ಆಧಾರ್ ಕಾರ್ಡಿನ ಫೋಟೋ ಮಾತ್ರ ಕಳಿಸಿದ್ದರು. ಅದಕ್ಕೂ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಅಂದೆವು.

ಹೆಣೆಯುತ್ತಿದ್ದ ಕೈಗಳು

ಈ ಫಾರ್ವರ್ಡ್‌ಗಳಲ್ಲಿ ಎಲ್ಲೂ ಬರದ ಒಂದು ಸಂಗತಿ ಇದೆ. ಬೆತ್ತದ ಸೀಟು ಕೆಲವು ವರ್ಷಕ್ಕೊಮ್ಮೆ ಹರಿಯುತ್ತದೆ, ಹರಿದಾಗ ಯಾರಾದರೂ ಹೆಣೆಯಬೇಕು. ಬಿದಿರು ಬೆತ್ತದ ಕೆಲಸದ ಮೇದರು ಇದನ್ನು ಮಾಡುತ್ತಿದ್ದರು. ಅವರ ಜೊತೆಗೆ, ದೇಶದ ಅಂಧರ ಶಾಲೆಗಳಲ್ಲಿ ಬಹುಕಾಲದಿಂದ ಕಲಿಸಿದ ಮುಖ್ಯ ಕಸುಬುಗಳಲ್ಲಿ ಕುರ್ಚಿ ಹೆಣೆಯುವುದೂ ಒಂದು. ತೂತನ್ನು ಬೆರಳಿನಲ್ಲಿ ಎಣಿಸಿ, ಪಟ್ಟಿಯ ಬಿಗಿಯನ್ನು ಕೈಯಲ್ಲೇ ಅಳೆದು ಮಾಡುವ ಕೆಲಸಕ್ಕೆ ಕಣ್ಣು ಬೇಕೇ ಬೇಕು ಅಂತಿಲ್ಲ. ರೈಲ್ವೆ ಮತ್ತು ಸರ್ಕಾರಿ ಕಚೇರಿಗಳಲ್ಲಿ ಕುರ್ಚಿ ಹೆಣೆಯುವ ಹುದ್ದೆಗಳನ್ನೇ ಕಣ್ಣು ಕಾಣದವರಿಗೆಂದು ಗುರುತಿಸಿದ್ದರು. ಕಚೇರಿಗಳಿಗೆ ಪ್ಲಾಸ್ಟಿಕ್, ಸ್ಪಂಜಿನ ಕುರ್ಚಿ ಬಂದಂತೆ ಆ ಕೆಲಸವೂ ಕರಗಿತು. ಪ್ಯಾರಿಸ್ಸಿಗೆ ಹೋದ ಕುರ್ಚಿಗಳ ಲೆಕ್ಕ ಎಷ್ಟೋ ಜನ ಇಟ್ಟಿದ್ದಾರೆ. ಇವರದ್ದು ಯಾರೂ ಇಟ್ಟ ಹಾಗಿಲ್ಲ.

ನಿಮ್ಮ ಮನೆಯ ಸೀಟು ಹರಿದಿಲ್ಲ, ಜೋಲುಬಿದ್ದಿದೆ ಅಷ್ಟೇ ಅನ್ನುವುದಾದರೆ ನೀವೇ ಸರಿಮಾಡಿಕೊಳ್ಳಬಹುದು. ಕುರ್ಚಿಯನ್ನು ಬೋರಲು ಹಾಕಿ, ಬೆತ್ತದ ಅಡಿಭಾಗಕ್ಕೆ ಬಿಸಿನೀರಿನ ಬಟ್ಟೆ ಒತ್ತಿ ಚೆನ್ನಾಗಿ ನೆನೆಸಿ. ಮೇಲ್ಭಾಗ ನುಣುಪು, ನೀರು ಹೀರುವುದಿಲ್ಲ, ಅದಕ್ಕೇ ಅಡಿಯಿಂದ. ನೆರಳಲ್ಲಿ ಒಂದು ರಾತ್ರಿ ಒಣಗಲು ಬಿಡಿ, ಯಾರೂ ಕೂರಬಾರದು. ನೆಂದ ನಾರು ಒಣಗುವಾಗ ಕುಗ್ಗಿ ಸೀಟು ಬಿಗಿಯಾಗುತ್ತದೆ. ಪಟ್ಟಿಗಳೇ ತುಂಡಾಗಿದ್ದರೆ ಇದು ಆಗುವುದಿಲ್ಲ, ಪೂರ್ತಿ ಬಿಚ್ಚಿ ಹೊಸದಾಗಿ ಹೆಣೆಸಬೇಕು.

ಹೊಳೆನರಸೀಪುರದ ಮನೆಯವರ ಕುರ್ಚಿಗೆ ಆಗಿರುವುದು ಅದೇ. ಮಾರುವ ಯೋಚನೆ ಬಿಟ್ಟಿದ್ದಾರೆ, ಆರು ಸುತ್ತಿನ ಹೆಣಿಗೆ ಬರುವವರು ಹಾಸನದ ಸುತ್ತಮುತ್ತ ಯಾರಾದರೂ ಇದ್ದಾರಾ ಅಂತ ವಿಚಾರಿಸುತ್ತಿದ್ದಾರೆ. ನಿಮಗೆ ಗೊತ್ತಿದ್ದರೆ ನಮಗೆ ತಿಳಿಸಿ. ಈ ಒಂದು ವಿಚಾರವನ್ನು ನಿಮ್ಮ ಗ್ರೂಪಿಗೆ ಫಾರ್ವರ್ಡ್ ಮಾಡಿದರೆ ನಮ್ಮ ತಕರಾರಿಲ್ಲ.